ಆಖೈರು ಶಿಲ್ಕು

ಕೂಡುವಾಗ ಮಾತ್ರ ನನಗೆ ಇವತ್ತಿಗೂ ಕನ್ನಡ ಬೇಕು.
ಫೈಲಿನ ಮೇಲೆ ಮರಾಠಿ, ಗುತ್ತಿಗೆದಾರನ ಜೊತೆ ಹಿಂದಿ,
ಬಾಯೊಳಗೆ ಸದ್ದಿಲ್ಲದೆ ಹದಿನೇಳೆಂಟ್ಲಿ ನೂರಮೂವತ್ತಾರು.
ಮಗ್ಗಿ ಕಲಿತದ್ದು ಇದೇ ಕಟ್ಟಡದಲ್ಲಿ,
ಮುನಿಸಿಪಾಲಿಟಿ ಕನ್ನಡ ಶಾಲೆ, ವಿಕ್ರೋಳಿ, ಎರಡನೇ ಮಹಡಿ.
ದಶಕ ಮರೆತರೆ ಹಾವನೂರು ಮಾಸ್ತರರು ಕಿವಿ ಹಿಂಡುತ್ತಿದ್ದರು.
ಮಕ್ಕಳು ಬರುವುದು ನಿಂತ ಮೇಲೆ
ಕೋಣೆಯನ್ನು ವಾರ್ಡಿನ ಲೆಕ್ಕಶಾಖೆಗೆ ಕೊಟ್ಟರು.
ಕರಿಹಲಗೆ ಕಿತ್ತ ಜಾಗದಲ್ಲಿ ಗೋಡೆಯ ಬಣ್ಣ ಬೇರೆ;
ಅದರ ಕೆಳಗೇ ನನ್ನ ಮೇಜು.

ಇವತ್ತು ಮಾರ್ಚ್ ಮೂವತ್ತೊಂದು.
ಖರ್ಚಾಗದ ದುಡ್ಡು ರಾತ್ರಿ ಹನ್ನೆರಡಕ್ಕೆ ಸಾಯುತ್ತದೆ.
ವರ್ಷವಿಡೀ ‘ಅನುದಾನ ಇಲ್ಲ’ ಎಂದ ಬಾಯಿಗಳೇ
ಸಂಜೆ ಆರಕ್ಕೆ ಬೆವರೊರೆಸುತ್ತ ಓಡಿ ಬರುತ್ತವೆ:
ಎಲ್ಲಾದರೂ ಉಳಿದಿದೆಯಾ?
ಬೆಂಚು ಹಾಕೋಣ. ಹಾಕಿದ ಬೆಂಚಿಗೆ ಬಣ್ಣ ಹೊಡೆಯೋಣ.
ಲಲ್ಲನ್ ಏಳನೇ ಸಲ ಚಹಾ ತರುತ್ತಾನೆ;
ಅವನ ಬಾಕಿ ಯಾವ ಶೀರ್ಷಿಕೆಯಲ್ಲೂ ಬರುವುದಿಲ್ಲ.

ಖದಾನ್ ಟೇಕಡಿಯ ಫೈಲು ಬಂದದ್ದು
ಇಂಥದೇ ಒಂದು ಮಾರ್ಚಿನಲ್ಲಿ, ಮೂರು ವರ್ಷದ ಕೆಳಗೆ.
ಅರ್ಜಿದಾರಳು ಇಂದುಬಾಯಿ ಧೋತ್ರೆ. ಹೆಬ್ಬೆಟ್ಟು.
ಬರೆದುಕೊಟ್ಟವರು ಯಾರೋ, ಅಕ್ಷರ ಚೊಕ್ಕ:
ಶೌಚಾಲಯಕ್ಕೆ ಇಳಿಯಲು ಐವತ್ತೆರಡು ಮೆಟ್ಟಿಲು,
ಮೂವತ್ತೊಂದನೆಯದು ಒಡೆದಿದೆ, ರಾತ್ರಿ ಕಾಣುವುದಿಲ್ಲ,
ಹೆಣ್ಣುಮಕ್ಕಳು ಸಂಜೆಯಿಂದಲೇ ನೀರು ಕುಡಿಯುವುದಿಲ್ಲ.
ಒಂದು ದೀಪ.

ಒಂದು ದೀಪ ಅಂತ ಲೆಕ್ಕಶೀರ್ಷಿಕೆ ಇಲ್ಲ, ತಾಯಿ.
ಕಂಬ ಬಂಡವಾಳ ವೆಚ್ಚ. ಬಲ್ಬು ಕಂದಾಯ ವೆಚ್ಚ.
ತಂತಿ ವಿದ್ಯುತ್ ಕಂಪನಿಯದು. ಗುಡ್ಡ ಕಲೆಕ್ಟರರದು.
ಮೆಟ್ಟಿಲು ಯಾರೋ ಶಾಸಕರ ನಿಧಿಯದು, ಅವರು ಸೋತರು.
ಕತ್ತಲೆಯೊಂದೇ ಪೂರ್ತಿ ನಮ್ಮದು.

ಕಂಬ ಬರೆದೆ. ಹದಿನೆಂಟು ಸಾವಿರದ ನಾನೂರು.
ಅವಳ ದೀಪದಲ್ಲಿ ಮಾರ್ಚಿಗೆ ದಕ್ಕಿದ ಭಾಗ ಅಷ್ಟು.
‘ಕಾಮಗಾರಿ ಪೂರ್ಣ’ ಠಸ್ಸೆ ಒತ್ತಿದ್ದೂ ಈ ಕೈಯೇ.
ಆ ವರ್ಷದ ವರದಿ, ಪುಟ ನೂರಾ ಹನ್ನೆರಡು:
ದೀಪ ಸೌಲಭ್ಯ, ಒಂದು. ಫಲಾನುಭವಿಗಳು, ಸಾವಿರದ ಇನ್ನೂರು.

ಒಂದು ಭಾನುವಾರ ಮನೆಯಲ್ಲಿ ಹೇಳದೆ ಹೋದೆ.
ಮೆಟ್ಟಿಲು ಎಣಿಸಿದೆ. ಐವತ್ತನಾಲ್ಕು.
ಮತ್ತೆ ಎಣಿಸಿದೆ. ಐವತ್ತನಾಲ್ಕೇ.
ಕಂಬ ಇತ್ತು, ಎಸ್ಟಿಮೇಟಿನಲ್ಲಿದ್ದಷ್ಟೇ ಎತ್ತರ, ಬೆಳ್ಳಿ ಬಣ್ಣ,
ತಲೆಯಲ್ಲಿ ಏನೂ ಇಲ್ಲ.
ಎದೆಮಟ್ಟಕ್ಕೆ ಹಗ್ಗ, ಹಗ್ಗದ ತುಂಬ ಶಾಲೆ ಯೂನಿಫಾರಂ.
ಬುಡಕ್ಕೆ ಕಟ್ಟಿದ ಆಡು ನನ್ನನ್ನು ತಪಾಸಣೆ ಮಾಡಿತು.
‘ಪಾಲಿಕೆಯವರಾ?’ ಎಂದಳು ಒಬ್ಬಾಕೆ, ಕೊಡ ಇಳಿಸದೆ.
ಇಂದುಬಾಯಿಯೋ ಏನೋ, ಕೇಳುವ ಧೈರ್ಯ ಬರಲಿಲ್ಲ.
ಅಲ್ಲ ಎಂದೆ.
‘ಇದು ಬಂದದ್ದು ಉಪಕಾರವೇ ಆಯಿತು’ ಎಂದಳು,
ಕಂಬವನ್ನು ಅಂಗೈಯಿಂದ ತಟ್ಟಿ, ಎಮ್ಮೆಗೆ ತಟ್ಟುವ ಹಾಗೆ.
‘ಒಡೆದ ಮೆಟ್ಟಿಲು ಇಲ್ಲೇ ಪಕ್ಕಕ್ಕೆ.
ರಾತ್ರಿ ಕೈ ಚಾಚಿದರೆ ತಣ್ಣಗೆ ಸಿಗುತ್ತದೆ,
ಹಿಡಕೊಂಡು ಇಳೀತೀವಿ.’

ಅಂದಿನಿಂದ ಪುಟ ನೂರಾ ಹನ್ನೆರಡು
ಸುಳ್ಳೋ ನಿಜವೋ ನನಗೆ ಬಗೆಹರಿದಿಲ್ಲ.

ಹನ್ನೊಂದೂವರೆ. ಕಿಟಕಿಯಾಚೆ ಕರ್ಜತ್ ಲೋಕಲ್ಲು ನಡುಗಿಸಿ ಹೋಯಿತು.
ಚಿಲ್ಲರೆ ದುರಸ್ತಿಯಲ್ಲಿ ಎರಡು ಸಾವಿರದ ಮುನ್ನೂರು ಉಳಿದಿದೆ,
ಯಾರ ಕಣ್ಣಿಗೂ ಬಿದ್ದಿಲ್ಲ, ಬೆಂಚಿಗೆ ಸಾಲದು.
ಬರೆಯುತ್ತೇನೆ: ಖದಾನ್ ಟೇಕಡಿ, ಬ್ರಾಕೆಟ್ ಒಂದು, ಬಲ್ಬು ಒಂದು.
ತಂತಿ ಇಲ್ಲದ ಬಲ್ಬು. ಆಡಿಟ್ ನಗಲಿ.
ನಾಳೆ ಕಂಪನಿಗೆ ಪತ್ರ, ನಾಡಿದ್ದು ನೆನಪೋಲೆ.

ಕೂಡಿ ನೋಡಿದೆ, ತಾಳೆಯಾಯಿತು. ಪುಸ್ತಕ ಮುಚ್ಚಬಹುದು.
ಆದರೂ ಪೆನ್ಸಿಲಿನಲ್ಲಿ, ಅಂಚಿನಲ್ಲಿ,
ಮಾಸ್ತರರು ಹೇಳಿದ ಹಾಗೆ ದಶಕ ಬರೆದಿಟ್ಟೆ:
ತಂತಿ ಒಂದು. ಒಡೆದ ಮೆಟ್ಟಿಲು ಒಂದು.
ಅರ್ಜಿಯಲ್ಲಿ ಲೆಕ್ಕಕ್ಕೆ ಬಾರದ
ಮೆಟ್ಟಿಲು ಎರಡು.